ಊದಿ ನೋಡಿ ಆರಿಸಿದ ಶಹನಾಯಿ

ಮಾಸ್ತರ ಕೆಳತುಟಿಯ ನಡುವೆ ಒಂದು ಕಪ್ಪು ಗುಳಿ ಇತ್ತು. ನಲವತ್ತು ವರ್ಷ ಶಹನಾಯಿಯ ತುದಿಗೆ ಸಿಕ್ಕಿಸುವ ಓಲೆಯನ್ನು ಬಾಯಲ್ಲಿ ಒತ್ತಿ ಹಿಡಿದದ್ದರ ಗುರುತು ಅದು. ಚಾ ಕುಡಿಯುವಾಗ ಆ ಗುಳಿಯಿಂದ ಒಂದೆರಡು ಹನಿ ಅಂಗಿಗೆ ಬೀಳದೆ ಇರುತ್ತಿರಲಿಲ್ಲ. ಕಲೆ ತಿಕ್ಕಿ ಬೇಸತ್ತ ಅವರ ಹೆಂಡತಿ, "ಇನ್ನು ಚಾದ ಬಣ್ಣದ ಅಂಗಿನೇ ಹೊಲಿಸ್ಕಳಿ" ಅನ್ನುತ್ತಿದ್ದರು.

ಅವರು ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕುಮಟೆಯ ದೇವಸ್ಥಾನವೊಂದರಲ್ಲಿ ಎರಡು ಹೊತ್ತೂ ವಾದ್ಯ ನುಡಿಸುತ್ತಿದ್ದರು. ನಾನು ತದಡಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವನು. ಮೂವತ್ತು ದಾಟಿದ ಮೇಲೆ ಹೋಗಿ, ಕಲಿಸಿ ಎಂದೆ. ಐಸ್ ಹಿಡಿದು ಹಿಡಿದು ಒರಟಾದ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಆತು, ತೂತು ಮುಚ್ಚುಕೆ ಸಾಕು" ಎಂದರು. ಹೊಗಳಿಕೆ ಅಂತ ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ.

ಐದು ವರ್ಷ ಅವರ ಹಳೆಯ ವಾದ್ಯದಲ್ಲೇ ಕಲಿತೆ. ಆಮೇಲೆ ಸ್ವಂತದ್ದು ಬೇಕೆನಿಸಿತು. ಭಟ್ಕಳದ ಅಂಗಡಿಯೊಂದಕ್ಕೆ ಮುಂಬಯಿಯಿಂದ ಶಹನಾಯಿ ಬರುತ್ತಿದ್ದವು. ಮುಖ ಕಾಣುವಂಥ ಪಾಲಿಶ್, ಬೆಳ್ಳಿ ಬಣ್ಣದ ಕಟ್ಟು. ಜೊತೆಗೆ ಬಂದಿದ್ದ ಮಾಸ್ತರು ಒಂದನ್ನು ಎತ್ತಿಕೊಂಡು, ತೂತುಗಳನ್ನೆಲ್ಲ ಮುಚ್ಚಿ, ಕೆಳಬಾಯಿಯನ್ನು ತೊಡೆಗೆ ಒತ್ತಿ, ಮೇಲಿಂದ ಗಾಳಿ ಎಳೆದರು. ಎಲ್ಲೂ ಸೋರಲಿಲ್ಲ.

"ಮಾಡಿದವ ಕಸುಬುದಾರನೇ. ಆದ್ರೆ ಇದು ಒಣ ಊರಿನ ಮರ, ತಮಾ. ನಮ್ಮ ಗಾಳಿ ಕುಡಿದ್ರೆ ಉಬ್ತದೆ. ಹೊನ್ನಾವರದ ಆಚಾರಿ ಹಳೇ ಮಂಚದ ಕಾಲಿಂದ ಕಡೀತಾನೆ. ಬೀಟೆ. ಐವತ್ತು ಮಳೆಗಾಲ ಕಂಡದ್ದು. ಅದಕ್ಕೆ ಇನ್ನು ಹೊಸದಾಗಿ ಉಬ್ಬುಕೆ ಎಂತ ಇಲ್ಲ."

ನಾನು ಊದಲು ಒಪ್ಪಿಕೊಂಡಿದ್ದ ಶಿರಾಲಿ ಊರಿನ ಮದುವೆಯೊಂದು ಹತ್ತಿರ ಬಂದಿತ್ತು. ಮಂಚದ ಕಾಲು ಹಿಡಿದುಕೊಂಡು ಮಂಟಪದಲ್ಲಿ ಕೂರುವುದೇ? ಹೊಳೆಯುವುದೇ ಬೇಕು ಎಂದು ಹಟ ಹಿಡಿದೆ.

"ಆತು. ಊದುವವ ನೀನು" ಎಂದು ಅದನ್ನು ನನ್ನ ಕೈಗಿಟ್ಟರು.

ಮದುವೆ ಚೆನ್ನಾಗಿಯೇ ಕಳೆಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ಸಂಜೆ, ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ, ನನ್ನ ವಾದ್ಯ ಶ್ರುತಿಪೆಟ್ಟಿಗೆಯನ್ನು ಬಿಟ್ಟು ತನ್ನದೇ ದಾರಿ ಹಿಡಿಯಿತು. ಓಲೆ ಬದಲಿಸಿದೆ, ತುಟಿ ಬಿಗಿಮಾಡಿದೆ. ಊಹೂಂ. ದೇವರೆದುರು, ಅಷ್ಟು ಜನರೆದುರು ಮಾನ ಹೋಯಿತು. ಮಾಸ್ತರು ತಮ್ಮ ಹಳೆಯ ವಾದ್ಯವನ್ನು ನನ್ನತ್ತ ಸರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆ ಹೊತ್ತಿಗೆ ಅವರ ಎದೆ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನು ವಾದ್ಯ ಊದಲೇಬಾರದು ಎಂದು ಡಾಕ್ಟರು ಹೇಳಿದ್ದರು. ಆದರೂ ನನಗೊಂದು ಸರಿಯಾದದ್ದನ್ನು ಆರಿಸಿಕೊಡಲು ಹೊನ್ನಾವರಕ್ಕೆ ಹೊರಟರು. ಅಮ್ಮ, ಅಂದರೆ ಅವರ ಹೆಂಡತಿ, ಬಾಗಿಲಲ್ಲಿ ನನ್ನನ್ನು ತಡೆದು ಹೇಳಿದರು: "ತಮಾ, ಊದುದೆಲ್ಲ ನೀನೇ. ಅವ್ರು ಬರೀ ಕೇಳುದು." ನಾನು ತಲೆಯಾಡಿಸಿದೆ.

ಆಚಾರಿ ಐದು ಶಹನಾಯಿ ತಂದಿಟ್ಟ. ಮಾಸ್ತರು ಒಂದೊಂದನ್ನೂ ಮೂಸಿದರು, ಉಗುರಿನಿಂದ ಕುಟ್ಟಿದರು, ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ನಾನು ಊದಿದೆ. ಐದೂ ನನಗೆ ಒಂದೇ ತರ ಕೇಳಿದವು. ಮತ್ತೆ ಭಟ್ಕಳದ ಕತೆಯೇ ಆದರೆ? ಆ ಹೆದರಿಕೆಯಲ್ಲಿ ನನ್ನ ಕಿವಿಯನ್ನೇ ನಂಬದೆ, "ನೀವೇ ಒಮ್ಮೆ ನೋಡಿ ಮಾಸ್ತರೆ" ಎಂದುಬಿಟ್ಟೆ. ಹೇಳಿದ ಮೇಲೂ ಬೇಡ ಎಂದು ತಡೆಯಬಹುದಿತ್ತು. ತಡೆಯಲಿಲ್ಲ.

ಅದಕ್ಕೇ ಕಾದಿದ್ದವರಂತೆ ಕಿಸೆಯಿಂದ ತಮ್ಮ ಓಲೆ ತೆಗೆದರು. ಐದನ್ನೂ ಊದಿದರು. ನಾಲ್ಕನೆಯದನ್ನು ಎರಡು ಸಲ. ಎರಡನೆಯ ಸಲ ಬರೀ ಒಂದು ಸ್ವರ, ಉದ್ದಕ್ಕೆ. ಆಚಾರಿ ಕಡೆಯುತ್ತಿದ್ದ ಲೇತ್ ನಿಲ್ಲಿಸಿ ಕೇಳಿದ. ಆಮೇಲೆ ಮಾಸ್ತರಿಗೆ ಹಿಡಿದ ಕೆಮ್ಮು ಬೇಗ ಬಿಡಲಿಲ್ಲ. ಕಣ್ಣೊರೆಸಿಕೊಂಡು, "ಇದೇ. ಸ್ವರ ತಡ ಮಾಡಿ ಬರ್ತದೆ. ಬಂದ್ಮೇಲೆ ನಿಲ್ತದೆ" ಎಂದರು. ಬಸ್ಸಿನಲ್ಲಿ ಕುಮಟೆಯವರೆಗೂ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಊದಿದ್ದರಿಂದಲೇ ಹೋದರೋ, ಹೇಗಿದ್ದರೂ ಹೋಗುವವರೇ ಆಗಿದ್ದರೋ, ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಆ ಶಹನಾಯಿ ಮಾತ್ರ ಎಂಥ ಮಳೆಯಲ್ಲೂ ಶ್ರುತಿ ಬಿಟ್ಟಿಲ್ಲ. ಪ್ರತಿ ಸಲ ಅದನ್ನು ಕೈಗೆತ್ತಿಕೊಳ್ಳುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕರ್ಮಾಂತರವೆಲ್ಲ ಮುಗಿದ ಮೇಲೆ ಅಮ್ಮ ನನ್ನನ್ನು ಕೂರಿಸಿಕೊಂಡು ಕೇಳಿದರು: "ಹೊನ್ನಾವರದಲ್ಲಿ ಅವ್ರು ಊದಿದ್ರಾ, ತಮಾ?"

"ಇಲ್ಲ ಅಮ್ಮ. ನಾನೇ ಊದಿದ್ದು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾರೆ ಇಷ್ಟು ವರ್ಷದಲ್ಲಿ ನನ್ನ ಒಂದು ಮಾತಾದ್ರೂ ಕೇಳಿದ್ರು."

ಈಗ ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳುತ್ತಾರೆ. ನಾನಿದ್ದರೆ ನನ್ನತ್ತ ಕೈ ತೋರಿಸಿ, "ಬೇಕಾರೆ ಇವ್ನ ಕೇಳಿ" ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ.