ಅಡುಗೆಮನೆಯ ಸಾಕ್ಷಿ

ತನ್ನ ಹೇಳಿಕೆ ಅಲುಗಾಡಿಸುವ ವಕೀಲ ಇನ್ನೂ ತಾಯಿಯ ಹೊಟ್ಟೆಗೇ ಬಂದಿಲ್ಲವೆಂದು ಅತ್ತೆ ಹೇಳುತ್ತಿದ್ದಳು. ಅದು ಮೂರು ಬೀದಿಯಾಚೆಗೂ ಕೇಳುತ್ತಿತ್ತು.

ಅವಳ ಸೋದರಳಿಯ ಕ್ರಿಮಿನಲ್ ವಕೀಲ. ಕೋರ್ಟಿನಲ್ಲಿ ಪಾಟೀಸವಾಲು ಹಾಕುವ ಮುನ್ನ ಅತ್ತೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಎದುರು ಪಕ್ಷದ ಸಾಕ್ಷಿಯ ಹೇಳಿಕೆಯನ್ನು ಓದಿಸಿ, ಅವಳ ಮೇಲೆ ತಾಲೀಮು ಮಾಡುತ್ತಿದ್ದ. ಆ ಸ್ಟೂಲಿನ ಮೇಲೆ ಅವಳು ಪೊಲೀಸು, ಡಾಕ್ಟರು, ಒಮ್ಮೆ ಮೀಸೆ ತಿರುವುವ ಪೈಲ್ವಾನನೂ ಆಗಿದ್ದಳು. ಅಳಿಯ ಗುಡುಗಿದರೆ ಗೂಡಿನ ಪಾತ್ರೆಗಳೆಲ್ಲ ತಪ್ಪೊಪ್ಪಿಕೊಳ್ಳುತ್ತಿದ್ದವು. ಅತ್ತೆ ಮಾತ್ರ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದಳು.

ಈ ಸಲದ್ದು ಬಣ್ಣ ಬಳಿಯುವವನ ಕೇಸು. ಅವನ ಜೊತೆಗಾರ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೇಕೆಂದೇ ಏಣಿ ಎಳೆದನೆಂದು ಇವನ ಮೇಲೆ ಆರೋಪ. ಎದುರು ಮಹಡಿಯಲ್ಲಿ ಬಟ್ಟೆ, ದುಪ್ಪಟಿ ಒಣಹಾಕುತ್ತಿದ್ದ ಹೆಂಗಸು ಕಣ್ಣಾರೆ ಕಂಡೆನೆಂದಿದ್ದಳು. ಅವಳ ಮಾತು ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತರೆ ಇವನಿಗೆ ಜೈಲು. ಹೆಂಡತಿಗೆ ಆಗಲೇ ದಿನ ತುಂಬಿತ್ತು.

"ನೀವು ಹೇಳ್ತಿರೋದು ಹಸೀ ಸುಳ್ಳು," ಅಳಿಯ ಮೇಜು ಗುದ್ದಿದ.

"ಕಂಡಿದ್ದೇ ಹೇಳ್ತಿದ್ದೀನಿ ಸ್ವಾಮಿ. ಮೇಜು ನಿಮ್ಮಪ್ಪಂದು, ಮೆಲ್ಲಗೆ," ಎಂದಳು ಅತ್ತೆ.

ಕೂಗಿ ಕೂಗಿ ಅಳಿಯನ ಗಂಟಲು ಕಟ್ಟಿತು. ಸೋತು, ಅವಳಿಗೊಂದು ಲೋಟ ಕಾಫಿ ಕೊಟ್ಟು, ನೆಲದ ಮೇಲೆ ಕೂತು ಪಿಸುದನಿಯಲ್ಲಿ ಕೇಳಿದ: "ಅಷ್ಟೊಂದು ಬಟ್ಟೆ ಒಬ್ರೇ ಒಗೀತೀರಾ ಅಮ್ಮಾ?"

"ಇನ್ಯಾರು ಬರ್ತಾರೆ? ದುಪ್ಪಟಿ ಹಿಂಡಿ ಹಿಂಡಿ ತೋಳು ಬಿದ್ದೇಹೋಗಿತ್ತು ಆವತ್ತು."

"ಅಯ್ಯೋ ಪಾಪ. ಆಮೇಲೆ?"

"ಅದನ್ನ ಹರವಿ ಅಂಚು ಎಳೀತಿದ್ದೆ, ದೊಪ್ಪಂತ ಸದ್ದಾಯ್ತು ನೋಡಿ, ಆಗ ತಿರುಗಿ..."

ಅತ್ತೆ ತಟ್ಟನೆ ಬಾಯಿ ಮುಚ್ಚಿಕೊಂಡಳು. ಬಿದ್ದ ಸದ್ದಿಗೆ ತಿರುಗಿದವಳು ಏಣಿ ಎಳೆದದ್ದನ್ನು ಕಂಡದ್ದು ಹೇಗೆ? ಅಳಿಯನಿಗೆ ದಾರಿ ಸಿಕ್ಕಿತು.

ಮರುದಿನ ಕೋರ್ಟಿನಲ್ಲಿ ಅವನು ಗುಡುಗಲಿಲ್ಲ. ನಿಜವಾದ ಸಾಕ್ಷಿಗೆ ಕುರ್ಚಿ ಕೊಡಿಸಿ, ನೀರು ತರಿಸಿ, ಬಟ್ಟೆಯ ಕಷ್ಟ ವಿಚಾರಿಸಿದ. ಜನ್ಮದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ; ಆಕೆ ಮನೆಯ ಬಟ್ಟೆಗಳ ಚರಿತ್ರೆಯನ್ನೇ ಬಿಚ್ಚಿದಳು. ದುಪ್ಪಟಿಯ ಹಿಂದಿದ್ದಳಂತೆ, ಸದ್ದಾದ ಮೇಲೆ ಇಣುಕಿದಳಂತೆ. ಏಣಿ ಎಳೆದಿರಬೇಕೆಂಬುದು ಊಹೆಯಂತೆ. ನ್ಯಾಯಾಧೀಶರು ಬರೆದುಕೊಂಡರು.

ಬಿಡುಗಡೆಯಾದ ದಿನ ಬಣ್ಣದವನು ನೇರ ಹೆರಿಗೆ ಆಸ್ಪತ್ರೆಗೆ ಓಡಿದ. ಅಪ್ಪ ಮಗಳಲ್ಲಿ ಯಾರ ಅಳು ಜೋರೆಂದು ನರ್ಸುಗಳಿಗೇ ತೀರ್ಮಾನಿಸಲಾಗಲಿಲ್ಲ.

ಅಳಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಅತ್ತೆ, ನಿನ್ನ ಬಾಯಿ ಬಿಡಿಸೋ ಗುಟ್ಟು ಗೊತ್ತಾಯ್ತು. ನಾಳೆ ಕಳ್ಳತನದ ಕೇಸು, ಸಾಕ್ಷಿ ಆಗು ಬಾ."

"ಸಾಕ್ಷಿ ಸಾಕಪ್ಪಾ, ಈ ಸಲ ನಾನು ಆರೋಪಿ," ಅತ್ತೆ ಆರಾಮಾಗಿ ಕೂತಳು. "ಆರೋಪಿ ಬಾಯಿ ಬಿಡ್ಲೇಬೇಕು ಅಂತ ಯಾವ ಕಾನೂನಲ್ಲೂ ಇಲ್ಲ. ಕಾಫಿ ತಗೊಂಡು ಬಾ."