ಬ್ರೇಕಿಗೆ ಹಚ್ಚಿದ ಗ್ರೀಸು

ನಾನು ಮದುವೆಯಾಗಿ ಶಿಗ್ಗಾಂವಿಗೆ ಬಂದಾಗ ಆ ಮನೆಯ ಹೆಣ್ಣುಮಕ್ಕಳಲ್ಲಿ ಮ್ಯಾಟ್ರಿಕ್ ಮುಗಿಸಿದವಳು ನಾನೊಬ್ಬಳೇ. ಮಾವನವರಿಗೆ ಪೇಟೆಯಲ್ಲಿ ಕಾಳಿನ ಅಡತಿ ಅಂಗಡಿ ಇತ್ತು. ಬಂದುಹೋಗುವವರ ಮುಂದೆಲ್ಲ ಅವರು, "ನಮ್ಮ ಸೊಸಿ ಇಂಗ್ಲಿಷ್ ಪೇಪರ್ ಓದತಾಳ" ಎನ್ನುತ್ತಿದ್ದರು. ನಿಜವಾಗಿ ನಾನು ಓದುತ್ತಿದ್ದುದು ದಪ್ಪಕ್ಷರದ ತಲೆಬರಹಗಳನ್ನಷ್ಟೇ. ಆದರೂ ಅವರ ಮಾತನ್ನು ತಿದ್ದಲಿಲ್ಲ. ಕೇಳಲಿಕ್ಕೆ ಹಿತವಾಗಿರುತ್ತಿತ್ತು.

ಅರವತ್ತರ ದಶಕದ ಮೊದಮೊದಲಿನ ವರ್ಷಗಳಲ್ಲಿ ಅವರು ಹುಬ್ಬಳ್ಳಿಯಿಂದ ಒಂದು ಹಳೆಯ ಕಾರು ತಂದರು. ಅದರ ಜೊತೆ ಎಣ್ಣೆಯ ಕಲೆ ಹತ್ತಿದ ಒಂದು ಇಂಗ್ಲಿಷ್ ಪುಸ್ತಕವೂ ಬಂತು. ಗಾಡಿಯ ಯಾವ ಭಾಗವನ್ನು ಹೇಗೆ ಬಿಚ್ಚಬೇಕು, ಹೇಗೆ ಕೂಡಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಯಜಮಾನರಿಗೆ ಗಾಡಿಯ ಹುಚ್ಚು, ಆದರೆ ಇಂಗ್ಲಿಷ್ ಬಾರದು. ಅವರು ಕೈ ಮಸಿ ಮಾಡಿಕೊಳ್ಳುವುದು, ನಾನು ಕಟ್ಟೆಯ ಮೇಲೆ ಕುಳಿತು ಓದಿ ಹೇಳುವುದು, ಹೀಗೆ ನಮ್ಮಿಬ್ಬರ ಸಂಸಾರದಲ್ಲಿ ಒಂದು ಹೊಸ ಸುಖ ಶುರುವಾಗಿತ್ತು.

ಒಂದು ವರ್ಷದಲ್ಲಿ ಬ್ರೇಕಿನ ಪಟ್ಟಿಗಳು ಸವೆದವು. ಸವಣೂರಿನಲ್ಲಿ ಒಬ್ಬ ವಯಸ್ಸಾದ ಸಾಬರು ಇದ್ದರು, ಗಾಡಿ ಮಿಸ್ತ್ರಿ. ಹಳೆಯ ಪಟ್ಟಿ ಕಿತ್ತು, ಹೊಸದನ್ನು ತಾಮ್ರದ ರಿವೀಟು ಬಡಿದು ಕೂಡಿಸಿಕೊಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಜಮಾನರು ಅವರ ಹತ್ತಿರ ಹೋದಾಗ ಅವರು, "ಗಾಡೀನ ತರ್ರಿ, ನಾನ ಜೋಡಿಸಿ ಕೊಡತೇನಿ" ಎಂದಿದ್ದರಂತೆ. ಇವರು, "ಪುಸ್ತಕ ಐತ್ರಿ, ನಮ್ಮನ್ಯಾಗ ಓದಾವ್ರು ಅದಾರ" ಎಂದು ರಿವೀಟು ಬಡಿಸಿದ ಪಟ್ಟಿಗಳನ್ನಷ್ಟೇ ತಂದರು.

ಬೇವಿನ ಗಿಡದ ಕೆಳಗೆ ಕೆಲಸ ನಡೆಯಿತು. ಗಾಲಿಗಳ ಹಿಂದೆ ಕಲ್ಲಿಟ್ಟು, ಜಾಕ್ ಏರಿಸಿ, ಒಂದೊಂದೇ ಗಾಲಿ ಬಿಚ್ಚಿದರು. ಯಾವ ಸ್ಪ್ರಿಂಗು ಯಾವ ತೂತಿಗೆ ಎಂದು ನಾನು ಚಿತ್ರ ನೋಡಿ ಹೇಳಿದೆ. ಎಲ್ಲವೂ ಸರಿಹೋಗುತ್ತಿತ್ತು. ಪಟ್ಟಿ ಕೂಡಿಸುವ ಮೊದಲು ಅದರ ಹಿಂದೆ ಇರುವ ತಗಡಿಗೆ ಗ್ರೀಸ್ ಹಚ್ಚಬೇಕು ಎಂಬಲ್ಲಿಗೆ ಬಂದಾಗ ಒಂದು ಶಬ್ದ ನನ್ನನ್ನು ತಡೆಯಿತು. 'ಸ್ಪೇರಿಂಗ್ಲಿ' ಎಂದಿತ್ತು. ನನಗೆ ಅದರ ಅರ್ಥ ಗೊತ್ತಿರಲಿಲ್ಲ.

"ಎಷ್ಟ ಹಚ್ಚಬೇಕಂತ?" ಎಂದರು ಯಜಮಾನರು.

ಕಾರಿನ ಹಿಂದೆ ಸ್ಪೇರ್ ಗಾಲಿ ಇತ್ತಲ್ಲ, ಹೆಚ್ಚಿಗೆ ಇಟ್ಟುಕೊಂಡದ್ದು. ಹಾಗಾದರೆ ಇದೂ ಹೆಚ್ಚೇ ಇರಬೇಕು ಎಂದುಕೊಂಡೆ. ಮಾವನವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಜಾಸ್ತೀನ ಹಚ್ಚಬೇಕಂತ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಖರೇನ?"

"ಹಂಗ ಬರದಾರ್ರಿ."

ನಾಲ್ಕೂ ಗಾಲಿಗಳೊಳಗೆ ಗೋಡೆಗೆ ಸುಣ್ಣ ಬಳಿದಂತೆ ಗ್ರೀಸ್ ಬಳಿದರು.

ಊರೊಳಗೆ ಎರಡು ದಿನ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಮೂರನೆಯ ದಿನ ಮಾಸೂರಿನಲ್ಲಿ ನಮ್ಮ ಬೀಗರ ಮನೆಯ ನಿಶ್ಚಯಕ್ಕೆ ಹೊರಟೆವು. ಹಾನಗಲ್ಲ ದಾಟಿ, ಹಂಸಭಾವಿ ದಾಟಿ ಹೋಗುವಷ್ಟರಲ್ಲಿ ಮೇಲಿಂದ ಮೇಲೆ ತುಳಿದು ಬ್ರೇಕು ಕಾದಿತ್ತು. ಒಳಗಿನ ಗ್ರೀಸು ಕರಗಿ ಪಟ್ಟಿಗೆ ಇಳಿದದ್ದು ಯಾರಿಗೆ ಗೊತ್ತು? ಮದಗದ ಕೆರೆಯ ಕಡೆಗೆ ರಸ್ತೆ ಇಳಿಯುವಲ್ಲಿ ಭತ್ತದ ಚೀಲ ಹೇರಿದ ಚಕ್ಕಡಿಯೊಂದು ಮುಂದೆ ಹೋಗುತ್ತಿತ್ತು. ಯಜಮಾನರು ಬ್ರೇಕು ತುಳಿದರು. ಗಾಡಿ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕು ಎಳೆದರು, ಅದಕ್ಕೂ ನಿಲ್ಲಲಿಲ್ಲ. ಚಕ್ಕಡಿಗೆ ಹಾಯದಂತೆ ಕಾರನ್ನು ಹೊಲದ ಬದುವಿಗೆ ಹೊರಳಿಸಿದರು. ಮುಂದೆ ಕುಳಿತಿದ್ದ ಮಾವನವರ ಹೆಗಲ ಎಲುಬು ಮುರಿಯಿತು. ಹಿಂದೆ ಕುಳಿತಿದ್ದ ನನಗೆ ಒಂದು ಗೀರೂ ಆಗಲಿಲ್ಲ. ಆ ಹಾದಿಯಲ್ಲಿ ಬಂದ ಬಸ್ಸಿನಲ್ಲಿ ಅವರನ್ನು ಹಿರೇಕೆರೂರಿನ ದವಾಖಾನೆಗೆ ಒಯ್ದೆವು. ನೋವಿನಲ್ಲೂ ಅವರು ಹೇಳಿದ್ದು ಒಂದೇ ಮಾತು: "ಆ ಸವಣೂರ ಮಿಸ್ತ್ರಿ ನಮ್ಮನ್ನ ಕೊಲ್ಲತಿದ್ದ."

ನನಗೆ ಒಳಗೊಳಗೇ ಅಂಜಿಕೆ ಹುಟ್ಟಿತ್ತು. ಊರಿಗೆ ಬಂದ ಮರುದಿನ ಪಕ್ಕದ ಮನೆಯ ಮಾಸ್ತರರಿಂದ ಡಿಕ್ಷನರಿ ತರಿಸಿದೆ. ಅಡಿಗೆಮನೆಯಲ್ಲಿ ಕುಳಿತು ಆ ಶಬ್ದ ಹುಡುಕಿದೆ. 'ಮಿತವಾಗಿ, ಕೈ ಬಿಗಿಹಿಡಿದು' ಎಂದಿತ್ತು. ಮತ್ತೆ ಗಾಡಿಯ ಪುಸ್ತಕ ತೆರೆದೆ. ಆ ಸಾಲಿನ ಕೆಳಗೇ, ಪಟ್ಟಿಗೆ ಗ್ರೀಸ್ ತಾಗದಂತೆ ಎಚ್ಚರ ವಹಿಸಬೇಕೆಂದೂ ಇತ್ತು. ಅದನ್ನು ನಾನು ಓದಿಯೇ ಇರಲಿಲ್ಲ.

ಆವತ್ತೇ ಹೇಳಬೇಕಾಗಿತ್ತು. ಹೇಳಲಿಲ್ಲ. ಮಾವನವರು ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಹಾಕಿಕೊಂಡು ಜಗಲಿಯಲ್ಲಿ ಕುಳಿತಿರುತ್ತಿದ್ದರು. ನೋಡಲು ಬಂದವರಿಗೆಲ್ಲ ಮಿಸ್ತ್ರಿಯ ಹೆಸರು ಹಿಡಿದು ಬೈಯುತ್ತಿದ್ದರು. ನಾನು ಬಂದವರಿಗೆ ಚಹಾ ಕೊಟ್ಟು ಒಳಗೆ ಬರುತ್ತಿದ್ದೆ. ನಮ್ಮೂರಿನ ಲಾರಿಯವರೂ ಆ ಮಿಸ್ತ್ರಿಯ ಹತ್ತಿರ ಹೋಗುವುದನ್ನು ಬಿಟ್ಟರೆಂದು ಕಿವಿಗೆ ಬಿತ್ತು.

ಮೂರು ವಾರದ ಮೇಲೆ ಮಿಸ್ತ್ರಿ ತಾವಾಗಿಯೇ ಬಸ್ಸು ಹತ್ತಿ ಬಂದರು. ಕೈಚೀಲದಲ್ಲಿ ಗಾಡಿ ಬಿಚ್ಚುವ ಪಾನೆಗಳಿದ್ದವು.

"ಸಾವಕಾರ್ರ, ನನ್ನ ರಿವೀಟ್ ಬಿಟ್ಟಿದ್ರ ನಿಮ್ಮ ಕಾಲ ಹಿಡೀತೇನಿ. ಒಮ್ಮೆ ನೋಡಾಕ ಬಿಡ್ರಿ."

ಲಾರಿ ಎಳೆದುಕೊಂಡು ಬಂದು ನಿಲ್ಲಿಸಿದ್ದ ಕಾರನ್ನು ಅಲ್ಲಿಯತನಕ ಯಾರೂ ಮುಟ್ಟಿರಲಿಲ್ಲ. ಅವರು ಗಾಲಿ ಬಿಚ್ಚಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿದರು. ಕಪ್ಪಾದ ಬೆರಳನ್ನು ಮೇಲೆತ್ತಿ ತೋರಿಸಿದರು. ಪಟ್ಟಿ ತೊಯ್ದಿತ್ತು. ರಿವೀಟುಗಳಲ್ಲಿ ಒಂದೂ ಅಲುಗಿರಲಿಲ್ಲ.

"ಇಲ್ಲಿ ಸಾಸಿವಿಕಾಳಿನಷ್ಟ ಹಚ್ಚತಾರ್ರಿ. ಇಷ್ಟ ಹಚ್ಚಂತ ಯಾರ ಹೇಳಿದ್ರು?"

ನಾನು ಬಾಗಿಲಲ್ಲಿ ನಿಂತಿದ್ದೆ. ಯಜಮಾನರು ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಹೇಳಿಲ್ರಿ. ನನಗ ತಿಳೀಲಿಲ್ಲ" ಎಂದರು.

ಮಾವನವರು ಮಿಸ್ತ್ರಿಯ ಎದುರಿಗೇ ಮಗನಿಗೆ ಬಾಯಿಗೆ ಬಂದಂತೆ ಬೈದರು. ಮೂವತ್ತು ವರ್ಷದ ಗಂಡಸು ತಲೆ ತಗ್ಗಿಸಿ ನಿಂತಿದ್ದರು. ಮಿಸ್ತ್ರಿಯೇ, "ಹೋಗ್ಲಿ ಬಿಡ್ರಿ" ಎಂದು ಬಿಡಿಸಿದರು. ನಾನು ಸೆರಗಿನ ತುದಿ ಹಿಡಿದುಕೊಂಡು ನಿಂತೇ ಇದ್ದೆ. ಚಹಾ ಕೊಡುವಾಗ ಆ ಮುದುಕರ ಮುಖ ನೋಡಲಾಗಲಿಲ್ಲ.

ಅವರು ಹೋದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳಿದೆ, ಡಿಕ್ಷನರಿಯದನ್ನೂ ಬಿಡದೆ. ಅವರು ಸಿಟ್ಟಾಗಲಿಲ್ಲ.

"ಇಷ್ಟ ಯಾಕ ಅಂತ ನನಗೂ ಸಂಶಯ ಬಂದಿತ್ತು. ನೀ ಖಾತ್ರಿಲೆ ಹೇಳಿದಿ, ಹಚ್ಚಿದ್ನಿ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ನಂಬಿಕೆಯ ಮಾತು ಇವತ್ತಿಗೂ ಚುಚ್ಚುತ್ತದೆ.

ಮರುದಿನ ಧೈರ್ಯ ಮಾಡಿ ಮಾವನವರ ಮುಂದೆ ನಿಂತೆ. "ಮಾವಾರ, ತಪ್ಪು ನಂದರಿ. ಆ ಶಬ್ದ ನನಗ ತಿಳೀಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ನಿ."

ಅವರು ನನ್ನನ್ನು ನೋಡಿ ನಕ್ಕರು. "ಗಂಡನ್ನ ಉಳಸಾಕ ಸುಳ್ಳ ಹೇಳತಿ ಏನವಾ? ಮ್ಯಾಟ್ರಿಕ್ ಓದಿದಾಕಿ ಅಂಥ ತಪ್ಪು ಮಾಡತಾಳೇನು? ಹೋಗು, ನಿನ್ನ ಮನಸ್ಸು ದೊಡ್ಡದು."

ಎರಡನೆಯ ಸಲ ನಾನು ಹೇಳಲಿಲ್ಲ. ಡಿಕ್ಷನರಿ ತೆಗೆದು ತೋರಿಸಬಹುದಿತ್ತು. ಸವಣೂರಿನ ಬಸ್ಸು ಮನೆಯ ಮುಂದೆಯೇ ಹಾಯುತ್ತಿತ್ತು, ಹತ್ತಿ ಹೋಗಿ ಮಿಸ್ತ್ರಿಗಾದರೂ ಹೇಳಬಹುದಿತ್ತು. ನಾನು ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕುಳಿತೆ. ಆ ಸಂಜೆ ಮಾವನವರು ಅತ್ತೆಗೆ, ಸೊಸೆ ಗಂಡನ ತಪ್ಪನ್ನು ಮೈಮೇಲೆ ಹಾಕಿಕೊಳ್ಳಲು ಬಂದಿದ್ದಳು ಎಂದು ಮೆಚ್ಚಿ ಹೇಳುವುದು ಕೇಳಿಸುತ್ತಿತ್ತು.