ಹಂಗೆರಿಯ ಬಗ್ಗೆ ನಾನು ಬರೆಸಿದ್ದು

ಗಿರಿಜಾ, ಹರಿಹರದ ಆ ವೇದಿಕೆಯ ಮೇಲೆ ನೀನು ಹೇಳಿದ ತಪ್ಪು ನಿನ್ನದಾಗಿರಲಿಲ್ಲ. ಅದನ್ನು ಬರೆಸಿದವನು ನಾನು. ನಾನಲ್ಲ ಎಂದು ಸಭೆಯ ಎದುರು ಸುಳ್ಳು ಹೇಳಿದವನೂ ನಾನೇ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಕಾಲೇಜಿನಲ್ಲಿ ನಾನಿನ್ನೂ ತಾತ್ಕಾಲಿಕ ಉಪನ್ಯಾಸಕ. ಯುರೋಪಿನ ಇತಿಹಾಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯವೆಂದರೆ ನನಗೆ ಎದೆನಡುಕ. ಮದುವೆ ಸಂಬಂಧಗಳಿಂದಲೇ ಸೀಮೆಯ ಮೇಲೆ ಸೀಮೆ ಕೂಡಿಸಿಕೊಂಡು ಬೆಳೆದ ರಾಜಮನೆತನ, ಹತ್ತಾರು ಭಾಷೆಯ ಜನ, ಒಂದು ಕಡೆ ದಂಗೆ ಅಡಗಿಸಿದರೆ ಇನ್ನೊಂದು ಕಡೆ ಏಳುವುದು — ನನಗೇ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ಮುಚ್ಚಿಕೊಳ್ಳಲು ನಮ್ಮಲ್ಲೊಂದು ಪದ್ಧತಿಯಿತ್ತಲ್ಲ, ನೋಟ್ಸ್ ಬರೆಸುವುದು. ನಾವು ಹೇಳುತ್ತಾ ಹೋಗುವುದು, ನೀವು ತಲೆ ಎತ್ತದೆ ಬರೆಯುವುದು. ಪ್ರಷ್ಯಾದ ಎದುರು ಆಸ್ಟ್ರಿಯಾ ಸೋತ ಮೇಲೆ ಹಂಗೆರಿ ಬೇರೆಯಾಗಿ ಸ್ವತಂತ್ರವಾಯಿತು ಎಂದು ಬರೆಸಿದೆ.

ತಲೆ ಎತ್ತಿದವಳು ನೀನೊಬ್ಬಳೇ.

"ಬ್ಯಾರೆ ಆದ್ರೆ ಮುಂದೆ ಆಸ್ಟ್ರಿಯಾ-ಹಂಗೆರಿ ಅಂತ ಕೂಡ್ಸಿ ಯಾಕ ಬರೀತಾರ್ರಿ ಸರ್? ನಮ್ಮಪ್ಪ, ದೊಡ್ಡಪ್ಪ ಇದ್ದಂಗೆ ಇರ್ಬೇಕು. ಒಲೆ ಎರಡು, ಅಂಗಡಿ ಒಂದೇ."

ನಿಮ್ಮದು ಕಾಳಿನ ವ್ಯಾಪಾರದ ಮನೆ. ಪಾಲಾದರೂ ಒಡೆಯದಿರುವುದು ಹೇಗೆಂದು ನಿನಗೆ ಗೊತ್ತಿತ್ತು. ಚಕ್ರವರ್ತಿ ಒಬ್ಬನೇ, ಸರ್ಕಾರ ಎರಡು — ನೀನಂದದ್ದೇ ಸರಿಯಾಗಿತ್ತು. ಗೊತ್ತಿಲ್ಲ ಎನ್ನಲು ಹೆದರಿ ನಾನು, "ಬರೆಸಿದ್ದನ್ನ ಬರ್ಕೊಳಮ್ಮ" ಎಂದೆ. ನೀನು ನನ್ನನ್ನು ನಂಬಿ ಬರೆದುಕೊಂಡೆ.

ಹರಿಹರದ ಭಾಷಣ ಸ್ಪರ್ಧೆಗೆ ಆ ಸಾಮ್ರಾಜ್ಯದ ಏಳುಬೀಳೇ ವಿಷಯವೆಂದಾಗ ನಿನ್ನನ್ನು ಕರೆದುಕೊಂಡು ಹೋದವನೂ ನಾನೇ. ನೀನು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೆ! ಹಂಗೆರಿ ಸ್ವತಂತ್ರವಾಯಿತು ಎಂದದ್ದೇ ತಡ, ತೀರ್ಪುಗಾರರಾಗಿದ್ದ ಹಿರಿಯ ಪ್ರಾಧ್ಯಾಪಕರು ಕೈ ಎತ್ತಿ ತಡೆದರು.

"ಇದನ್ನ ಯಾರಮ್ಮ ಹೇಳ್ಕೊಟ್ರು ನಿನಗೆ?"

ನನ್ನ ಕೆಲಸ ಕಾಯಂ ಮಾಡುವ ಸಂದರ್ಶನಕ್ಕೆ ಕೂರುವವರು ಅವರೇ. ನೀನು ನನ್ನತ್ತ ನೋಡಿದೆ. ಕೆಲಸ ಹೋಯಿತು ಎಂದುಕೊಂಡು ನಾನು ಎದ್ದು ನಿಂತೆ.

"ನಾನು ಹಂಗೆ ಹೇಳ್ಕೊಟ್ಟಿಲ್ರಿ ಸರ್. ಅವಳೇ ಎಲ್ಲೋ ಓದ್ಕಂಡು ಬಂದಾಳೆ."

ಸಭೆ ನಕ್ಕಿತು. ನೀನು ಭಾಷಣವನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದೆ.

ವಾಪಸಾಗುವಾಗ ಬಸ್ಸಿನಲ್ಲಿ ನನಗೆ ನಿನ್ನದೇ ಭಯ. ಅಳುತ್ತೀಯೋ, ಬೈಯುತ್ತೀಯೋ, ನಾಳೆ ಪ್ರಿನ್ಸಿಪಾಲರ ಹತ್ತಿರ ಹೋಗುತ್ತೀಯೋ — ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಊರು ಹತ್ತಿರವಾದಾಗ ನೀನೇ ಮೆಲ್ಲಗೆ ಅಂದೆ: "ನಾನು ಯಾರಿಗೂ ಹೇಳಂಗಿಲ್ಲ ಸರ್. ಹೆದರಬ್ಯಾಡ್ರಿ."

ನಿನ್ನ ಮಾತು ನೀನು ಉಳಿಸಿಕೊಂಡೆ. ಕೆಲಸ ಕಾಯಂ ಆಯಿತು. ಇತಿಹಾಸದಲ್ಲೇ ಎಂ.ಎ. ಮಾಡುತ್ತೇನೆ ಎನ್ನುತ್ತಿದ್ದವಳು ನೀನು ಅರ್ಜಿಯನ್ನೇ ಹಾಕಲಿಲ್ಲ ಎಂದು ಆಮೇಲೆ ತಿಳಿಯಿತು. ಇನ್ನೊಂದನ್ನೂ ಹೇಳಿಬಿಡಬೇಕು — ಮುಂದಿನ ವರ್ಷದ ಹುಡುಗರಿಗೂ ನಾನು ಅದನ್ನೇ ಬರೆಸಿದೆ. ಅದರ ಮುಂದಿನವರಿಗೂ. ತಿದ್ದಿದರೆ ನಿನ್ನ ಜೊತೆ ಓದಿದ ಯಾರಿಗಾದರೂ ಗೊತ್ತಾಗಿ, ಮೊದಲು ಬರೆಸಿದ್ದು ತಪ್ಪು ಎಂದಾಗುತ್ತದಲ್ಲ ಎಂಬ ಅಂಜಿಕೆ. ನಿವೃತ್ತನಾಗುವವರೆಗೂ ನನ್ನ ತರಗತಿಯಲ್ಲಿ ಹಂಗೆರಿ ಸ್ವತಂತ್ರವಾಗುತ್ತಲೇ ಇತ್ತು.

ಮೊನ್ನೆ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ನಿನ್ನನ್ನು ಕಂಡು ಹೊರಗೆ ಜಾರಿಕೊಳ್ಳಲು ನೋಡಿದೆ. ನೀನೇ ಎದ್ದು ಬಂದು, "ಆರಾಮ ಇದ್ದೀರಾ ಸರ್? ಕೂಡ್ರಿ" ಎಂದು ನಿನ್ನ ಕುರ್ಚಿ ಬಿಟ್ಟುಕೊಟ್ಟೆ. ಪಕ್ಕದಲ್ಲಿದ್ದ ನಿನ್ನ ಮಗಳಿಗೆ ಹೇಳಿದೆ: "ಇವ್ರೇ ನೋಡು ನಮ್ಮ ಇತಿಹಾಸದ ಸರ್. ಭಾಳ ಚಲೋ ಹೇಳ್ಕೊಡ್ತಿದ್ರು."

ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಆಶೀರ್ವಾದ ಮಾಡಿದೆ ಗಿರಿಜಾ, ಬೇರೇನೂ ಹೇಳಲಿಲ್ಲ.